ಟ್ರ್ಯಾಕರ್ ಕೂಗ್ತಾ ಇದೆ, ಮ್ಯಾಪಿನಲ್ಲಿ ಮಾತ್ರ ನಾನಿಲ್ಲ!

ಪ್ರಶ್ನೆ: ಹೊಸದಾಗಿ ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಸಿಕ್ಕಿದೆ. ಹ್ಯಾಂಡ್‌ಸೆಟ್‌ನಲ್ಲಿ ಎಪಿಆರ್‌ಎಸ್ (ನಾವಿರುವ ಜಾಗವನ್ನು ರೇಡಿಯೋದಲ್ಲಿ ಸಾರುವ ವ್ಯವಸ್ಥೆ) ಆನ್ ಮಾಡಿಕೊಂಡು ಊರೆಲ್ಲ ಸುತ್ತಿ ಬಂದೆ. ಗೆಳೆಯನ ಸೆಟ್‌ನಲ್ಲಿ ಸದ್ದು ಕೇಳಿಸಿದೆ. ಆದರೆ ಇಂಟರ್ನೆಟ್ ಮ್ಯಾಪಿನಲ್ಲಿ ನನ್ನ ಕಾಲ್‌ಸೈನ್ (ಲೈಸೆನ್ಸ್ ಜೊತೆ ಸಿಗುವ ಗುರುತಿನ ಹೆಸರು) ಇಲ್ಲ. ಸೆಟ್ ಕೆಟ್ಟಿದೆಯಾ?

ಸೆಟ್ ಕೆಟ್ಟಿರೋದು ಅಪರೂಪ. ನಿಮ್ಮ ಸೆಟ್‌ಗೂ ಇಂಟರ್ನೆಟ್‌ಗೂ ನೇರ ಸಂಬಂಧವೇ ಇಲ್ಲ. ಅದು ಜಿಪಿಎಸ್‌ನಿಂದ ತಾನೆಲ್ಲಿದ್ದೇನೆ ಅಂತ ತಿಳಿದುಕೊಂಡು, ಅದಕ್ಕೆ ಕಾಲ್‌ಸೈನ್ ಸೇರಿಸಿ, 1200 ಮತ್ತು 2200 ಹರ್ಟ್ಜ್‌ನ ಎರಡು ಸ್ವರಗಳಲ್ಲಿ ಗಾಳಿಗೆ ಬಿಡುತ್ತದೆ. ಝರ್ರ್ ಅಂತ ಒಂದು ಸೆಕೆಂಡಿನ ಆಸುಪಾಸು, ಅಷ್ಟೇ. ಯಾರಿಗಾದರೂ ತಲುಪಿತಾ ಅಂತ ತಿರುಗಿಯೂ ನೋಡಲ್ಲ.

ಮ್ಯಾಪಿಗೆ ಹೋಗಬೇಕಾದರೆ ಅದನ್ನು ಒಂದು ಐಗೇಟ್ ಹಿಡಿಯಬೇಕು. ಅಂದರೆ ಯಾರೋ ಒಬ್ಬ ಹ್ಯಾಮ್ ತಾರಸಿ ಮೇಲೆ ಆಂಟೆನಾ ನಿಲ್ಲಿಸಿ, ರಿಸೀವರನ್ನು ಕಂಪ್ಯೂಟರ್‌ಗೂ ಕಂಪ್ಯೂಟರನ್ನು ಇಂಟರ್ನೆಟ್‌ಗೂ ಜೋಡಿಸಿ ಹಗಲೂ ರಾತ್ರಿ ಆನ್ ಇಟ್ಟಿರುವ ಸ್ಟೇಷನ್. ಅದಕ್ಕೆ ಕೇಳಿಸಿದರೆ ನೀವು ಮ್ಯಾಪಿನಲ್ಲಿ ಇದ್ದೀರಿ. ನಡುವೆ ಒಂದು ಗುಡ್ಡ ಬಂತೋ, ಇಲ್ಲ.

ಮೊದಲು ಫ್ರೀಕ್ವೆನ್ಸಿ ನೋಡಿ. ಅಮೆರಿಕದಲ್ಲಿ 144.390 ಮೆಗಾಹರ್ಟ್ಜ್, ಯುರೋಪಿನಲ್ಲಿ 144.800. ಹೊರಗಿಂದ ತರಿಸಿದ ಸೆಟ್ ಅಲ್ಲಿನ ಸೆಟ್ಟಿಂಗ್‌ನಲ್ಲೇ ಬಂದಿರಬಹುದು. ನಿಮ್ಮ ಸುತ್ತಿನ ಹ್ಯಾಮ್‌ಗಳು ಯಾವುದರಲ್ಲಿದ್ದಾರೆ ಅಂತ ಕೇಳಿಕೊಳ್ಳಿ.

ಇನ್ನು ಗೆಳೆಯನಿಗೆ ಕೇಳಿಸಿತು ಅಂದ್ರಲ್ಲ, ಅದರಲ್ಲೇ ಒಂದು ಮೋಸ ಇದೆ. ನಾನೂ ಹೀಗೇ ಒಂದು ಭಾನುವಾರ ಪೂರ್ತಿ ಹಾಳು ಮಾಡಿಕೊಂಡೆ. ನಾನೇ ಕೂರಿಸಿದ ಟ್ರ್ಯಾಕರ್, ಸದ್ದು ಚೆನ್ನಾಗಿ ಹೋಗಲಿ ಅಂತ ಆಡಿಯೋ ಜೋರಾಗಿ ತಿರುಗಿಸಿಟ್ಟಿದ್ದೆ. ಟೇಬಲ್ ಮೇಲಿದ್ದ ಇನ್ನೊಂದು ಸೆಟ್ ಕಿವಿಗಡಚಿಕ್ಕುವ ಹಾಗೆ ಕಿರುಚುತ್ತಿತ್ತು, ಆ ಸದ್ದನ್ನು ಅಕ್ಷರಕ್ಕೆ ತಿರುಗಿಸುವ ಡಿಕೋಡರ್‌ನ ಪರದೆ ಮಾತ್ರ ಖಾಲಿ. ಸಂಜೆ ಹೊತ್ತಿಗೆ ಸುಮ್ನೆ ಒಂದು ಸಲ ಕಡಿಮೆ ಮಾಡಿ ನೋಡಿದೆ, ತಟ್ಟನೆ ಕಾಲ್‌ಸೈನ್ ಬಂತು. ಸ್ವರ ಒಡೆದರೆ ಬಿಟ್ ತಪ್ಪುತ್ತದೆ, ಒಂದೇ ಒಂದು ಬಿಟ್ ತಪ್ಪಿದರೂ ಲೆಕ್ಕ ತಾಳೆಯಾಗದೆ ಇಡೀ ಪ್ಯಾಕೆಟ್, ಅಂದರೆ ಆ ಒಂದು ಝರ್ರ್‌ನಲ್ಲಿದ್ದ ಸಂದೇಶವೆಲ್ಲ, ಕಸದ ಬುಟ್ಟಿಗೆ.

ಪಾತ್ ಸೆಟ್ಟಿಂಗ್, ಅಂದರೆ ನಡುವಿನ ಸ್ಟೇಷನ್‌ಗಳು ನಿಮ್ಮ ಪ್ಯಾಕೆಟನ್ನು ಎಷ್ಟು ಸಲ ಮರುಪ್ರಸಾರ ಮಾಡಬೇಕು ಅನ್ನೋದು, ವೈಡ್1-1, ವೈಡ್2-1 ಸಾಕು. ಜಾಸ್ತಿ ಹಾಪ್ (ಮರುಪ್ರಸಾರ) ಹಾಕಿದರೆ ದೂರ ಹೋಗುತ್ತದೆ ಅಂತ ಆಸೆ ಬೇಡ. ಎಲ್ಲರೂ ಒಂದೇ ಚಾನೆಲ್‌ನಲ್ಲಿರುವುದು, ನಿಮ್ಮ ಪ್ಯಾಕೆಟ್‌ನ ನಕಲುಗಳೇ ಬೇರೆಯವರ ಪ್ಯಾಕೆಟ್ ಮೇಲೆ ಬೀಳುತ್ತವೆ.

ಅಷ್ಟಕ್ಕೂ ಇದನ್ನು ಹುಟ್ಟುಹಾಕಿದ ಅಮೆರಿಕದ ಬಾಬ್ ಬ್ರುನಿಂಗಾ ಇದನ್ನು ಗಾಡಿ ಹುಡುಕುವ ಯಂತ್ರ ಅಂದುಕೊಂಡವರೇ ಅಲ್ಲ. 1984ರಲ್ಲಿ, 160 ಕಿಲೋಮೀಟರ್‌ನ ಒಂದು ಕುದುರೆ ಓಟದಲ್ಲಿ ಕುದುರೆಗಳು ಎಲ್ಲಿವೆ, ಹೇಗಿವೆ ಅಂತ ತಿಳಿಸೋಕೆ ಅವರು ಇದರ ಹಳೇ ರೂಪವನ್ನು ವಿಐಸಿ-20 ಕಂಪ್ಯೂಟರ್‌ನಲ್ಲಿ ಓಡಿಸಿದ್ದರು. ಆಗ ಇಂಟರ್ನೆಟ್ ಮ್ಯಾಪ್ ಎಲ್ಲಿತ್ತು? ಅಕ್ಕಪಕ್ಕದ ಹ್ಯಾಮ್‌ಗಳ ಪರದೆಗೆ ರೇಡಿಯೋದಲ್ಲೇ ಸುದ್ದಿ ಮುಟ್ಟಬೇಕು, ಅದೇ ಮೂಲ ಉದ್ದೇಶ. ಮ್ಯಾಪಿನಲ್ಲಿ ಇಲ್ಲ ಅಂದ ಮಾತ್ರಕ್ಕೆ ಯಾರಿಗೂ ಸಿಕ್ಕಿಲ್ಲ ಅಂತಲ್ಲ.

ಹತ್ತಿರದಲ್ಲಿ ಐಗೇಟೇ ಇಲ್ವಾ? ನೀವೇ ಒಂದು ಹಾಕಿ. ಒಂದು ಆರ್‌ಟಿಎಲ್ ಡಾಂಗಲ್ (ಯುಎಸ್‌ಬಿಗೆ ಚುಚ್ಚುವ ಪುಟ್ಟ ರೇಡಿಯೋ ರಿಸೀವರ್), ಒಂದು ರಾಸ್ಪ್‌ಬೆರಿ ಪೈ (ಅಂಗೈಯಗಲದ ಕಂಪ್ಯೂಟರ್), ಅದರಲ್ಲಿ ಡೈರ್‌ವುಲ್ಫ್ ಅನ್ನುವ ಉಚಿತ ಸಾಫ್ಟ್‌ವೇರ್, ಮೇಲೆ ಒಂದು ಆಂಟೆನಾ. ಇದು ಬರೀ ಕೇಳುವ ಐಗೇಟ್, ಇಂಟರ್ನೆಟ್‌ನಿಂದ ಬಂದ ಮೆಸೇಜನ್ನು ವಾಪಸ್ ಗಾಳಿಗೆ ಬಿಡಲ್ಲ. ಅದಕ್ಕೆ ಟ್ರಾನ್ಸ್‌ಮಿಟರ್ ಬೇಕು. ಜಾಗ ತೋರಿಸೋಕೆ ಇಷ್ಟು ಧಾರಾಳ ಸಾಕು.

ಅದಕ್ಕೂ ಮೊದಲು ಗೆಳೆಯನಿಗೊಂದು ಫೋನ್ ಮಾಡಿ. ಅವರ ಪರದೆ ಮೇಲೆ ನಿಮ್ಮ ಕಾಲ್‌ಸೈನ್ ಬಂತಾ, ಅಥವಾ ಬರೀ ಝರ್ರ್ ಸದ್ದು ಕೇಳಿಸಿತಾ?