ಟೀ ಲೋಟವೂ ಕೀಬೋರ್ಡ್ ಆಗಬಹುದು

ಜಪಾನಿನ ಗೂಗಲ್ ತಂಡ ಆಗಾಗ ಒಂದೊಂದು ವಿಚಿತ್ರ ಕೀಬೋರ್ಡ್ ಮಾಡಿ ತೋರಿಸುತ್ತದೆ. 2019ರಲ್ಲಿ ಬಂದದ್ದು ಒಂದು ಚಮಚ. ಅದನ್ನು ಎಷ್ಟು ಬಗ್ಗಿಸುತ್ತೀರಿ ಅನ್ನೋದರ ಮೇಲೆ ಅಕ್ಷರ ನಿರ್ಧಾರವಾಗುತ್ತದೆ. 2021ರಲ್ಲಿ ಬಂದದ್ದು ಸುಶಿ ಅಂಗಡಿಯ ಟೀ ಲೋಟ. ಲೋಟದ ಸುತ್ತಲೂ ಕೀಗಳು, ಕೀಗಳ ಮೇಲೆ ಮೀನುಗಳ ಹೆಸರು. ಮರುವರ್ಷ 165 ಸೆಂಟಿಮೀಟರ್ ಉದ್ದದ ಕೋಲು ಬಂತು. ಎಲ್ಲ ಕೀಗಳೂ ಒಂದೇ ಸಾಲಿನಲ್ಲಿ! 2023ರಲ್ಲಿ ತಲೆಗೆ ಹಾಕಿಕೊಳ್ಳುವ ಟೋಪಿ. ಕತ್ತು ತಿರುಗಿಸಿ ಅಕ್ಷರ ಆರಿಸಬೇಕು, ಟೋಪಿಯ ನೆತ್ತಿ ಒತ್ತಿದರೆ ಅಕ್ಷರ ಮೂಡುತ್ತದೆ.

ಇವು ಮಾರಾಟಕ್ಕಲ್ಲ, ನಗಿಸೋದಕ್ಕೆ ಮಾಡಿದವು. ಆದರೂ ನಿಜವಾಗಿ ಕೆಲಸ ಮಾಡುತ್ತವೆ. ಹೇಗೆ ಮಾಡೋದು ಅನ್ನುವ ನಕ್ಷೆ, ಪ್ರೋಗ್ರಾಂ ಎಲ್ಲವನ್ನೂ ಪ್ರೋಗ್ರಾಂಗಳನ್ನು ಹಂಚಿಕೊಳ್ಳುವ ಜಾಲತಾಣ ಗಿಟ್‌ಹಬ್‌ನಲ್ಲಿ ಬಿಟ್ಟುಕೊಟ್ಟಿದ್ದಾರೆ. ಚಮಚಕ್ಕೂ ಟೋಪಿಗೂ ಕಂಪ್ಯೂಟರಿನ ಜೊತೆ ಮಾತಾಡೋದು ಹೇಗೆ ಸಾಧ್ಯ? ನಮ್ಮ ಮೇಜಿನ ಮೇಲಿನ ಮಾಮೂಲಿ ಕೀಬೋರ್ಡನ್ನು ಬಿಚ್ಚಿ ನೋಡಿದರೆ ಉತ್ತರ ಅಲ್ಲೇ ಇದೆ.

104 ಕೀಗಳಿಗೆ ಒಂದೊಂದು ತಂತಿ ಎಳೆದರೆ ಗೋಜಲಾಗುತ್ತದೆ. ಅದಕ್ಕೇ ಕೀಗಳನ್ನು ಅಡ್ಡಸಾಲು, ಕಂಬಸಾಲುಗಳ ಜಾಲದ ಮೇಲೆ ಕೂರಿಸುತ್ತಾರೆ. 8 ಅಡ್ಡಸಾಲು, 16 ಕಂಬಸಾಲು ಇದ್ದರೆ 24 ತಂತಿಗಳಲ್ಲೇ 128 ಕೀಗಳಿಗೆ ಜಾಗ ಸಿಗುತ್ತದೆ. ಒಳಗಿನ ಪುಟ್ಟ ಚಿಪ್ ಒಂದೊಂದೇ ಸಾಲಿಗೆ ಕರೆಂಟು ಕೊಟ್ಟು, ಅದು ಯಾವ ಕಂಬದಲ್ಲಿ ಬಂತು ಅಂತ ನೋಡುತ್ತದೆ. ಸೆಕೆಂಡಿಗೆ ನೂರಾರು ಸಲ ಇದೇ ಕೆಲಸ. ಕೀ ಒತ್ತಿದಾಗ ಒಳಗಿನ ಲೋಹದ ತುಣುಕುಗಳು ಕೆಲವು ಮಿಲಿಸೆಕೆಂಡು ಅದುರುತ್ತವೆ, ಒಂದು ಒತ್ತು ನಾಲ್ಕಾರು ಒತ್ತುಗಳ ಹಾಗೆ ಕಾಣುತ್ತದೆ. ಆ ನಡುಕ ನಿಲ್ಲುವವರೆಗೆ ಕಾದು, ಒಂದೇ ಅಂತ ಲೆಕ್ಕಕ್ಕೆ ತೆಗೆದುಕೊಳ್ಳೋದೂ ಚಿಪ್ಪಿನದೇ ಜವಾಬ್ದಾರಿ.

ಆಮೇಲೆ ಅದು ಕಂಪ್ಯೂಟರಿಗೆ ಕಳಿಸೋದು ಅಕ್ಷರವನ್ನಲ್ಲ, ಒಂದು ಸಂಖ್ಯೆಯನ್ನು. ಯುಎಸ್‌ಬಿ ನಿಯಮದ ಪ್ರಕಾರ 'ಎ' ಕೀಗೆ 4, 'ಬಿ'ಗೆ 5, 'ಡಿ'ಗೆ 7. ಈ 7 ಅನ್ನು ಏನಂತ ಓದಬೇಕು ಅನ್ನೋದು ಕಂಪ್ಯೂಟರಿನ ಒಳಗಿನ ತಂತ್ರಾಂಶದ ತೀರ್ಮಾನ. ಇಂಗ್ಲಿಷ್ ಇದ್ದರೆ 'ಡಿ' ಆಗುತ್ತದೆ. ಕೆ.ಪಿ. ರಾವ್ ರೂಪಿಸಿದ, 'ನುಡಿ' ತಂತ್ರಾಂಶದಲ್ಲಿರುವ ಕನ್ನಡ ವಿನ್ಯಾಸವಾದರೆ 'ದ'. ಭಾರತದ ಭಾಷೆಗಳಿಗೆ ಮಾಡಿದ ಇನ್‌ಸ್ಕ್ರಿಪ್ಟ್ ಅನ್ನೋ ವಿನ್ಯಾಸವಾದರೆ ಅದೇ 7 ಅರ್ಧಾಕ್ಷರದ ಚಿಹ್ನೆ (್) ಆಗುತ್ತದೆ. ಕೀಬೋರ್ಡಿಗೆ ಕನ್ನಡವೂ ಗೊತ್ತಿಲ್ಲ, ಇಂಗ್ಲಿಷೂ ಗೊತ್ತಿಲ್ಲ. ಸರಿಯಾದ ಸಂಖ್ಯೆ ಬಂದರೆ ಸಾಕು, ಅದನ್ನು ಕಳಿಸಿದ್ದು ಪ್ಲಾಸ್ಟಿಕ್ ಹಲಗೆಯೋ ಟೀ ಲೋಟವೋ ಅಂತ ಕಂಪ್ಯೂಟರ್ ಕೇಳೋದಿಲ್ಲ.

ಹಾಗಿದ್ದರೂ ಎಲ್ಲ ಕೀಬೋರ್ಡುಗಳೂ ಯಾಕೆ ಒಂದೇ ಥರ ಇವೆ? ಅದು 1870ರ ದಶಕದ ಟೈಪ್‌ರೈಟರಿನ ಬಳುವಳಿ. ಅಮೆರಿಕದ ಕ್ರಿಸ್ಟೋಫರ್ ಶೋಲ್ಸ್ ಮತ್ತು ಜೊತೆಗಾರರು ಮಾಡಿದ ಆ ಯಂತ್ರದಲ್ಲಿ ಪ್ರತಿ ಕೀ ಕೆಳಗೂ ಒಂದೊಂದು ಸನ್ನೆಕೋಲು ಇತ್ತು. ಅವು ಒಂದಕ್ಕೊಂದು ತಾಗದ ಹಾಗೆ ಸಾಲುಗಳನ್ನು ತುಸು ಓರೆಯಾಗಿ ಜೋಡಿಸಿದರು. ಸನ್ನೆಕೋಲು ಹೋಗಿ ಎಷ್ಟೋ ಕಾಲವಾಯಿತು, ಓರೆ ಹಾಗೇ ಉಳಿದಿದೆ. ನಮ್ಮ ಬೆರಳುಗಳ ಅಳತೆ ನೋಡಿ ಇಟ್ಟ ಓರೆ ಅಲ್ಲ ಅದು.

ಬೆರಳುಗಳ ಅಳತೆ ನೋಡಿದವರೂ ಇದ್ದಾರೆ. ಇಂಗ್ಲೆಂಡಿನಲ್ಲಿ ಟೈಪಿಂಗ್ ಕಲಿಸುತ್ತಿದ್ದ ಲಿಲಿಯನ್ ಮಾಲ್ಟ್ ಮತ್ತು ಎಂಜಿನಿಯರ್ ಸ್ಟೀಫನ್ ಹಾಬ್ಡೇ 1970ರ ದಶಕದಲ್ಲಿ ಮಾಲ್ಟ್ರಾನ್ ಕೀಬೋರ್ಡ್ ಮಾಡಿದರು. ಎರಡು ಕೈಗೂ ಬಟ್ಟಲಿನಂಥ ಬೇರೆ ಬೇರೆ ತಗ್ಗು, ಅದರೊಳಗೆ ಕೀಗಳು. ಉದ್ದ ಬೆರಳಿಗೆ ಆಳದಲ್ಲಿ ಕೀ, ಗಿಡ್ಡ ಬೆರಳಿಗೆ ಮೇಲೆ. ಒಂದೇ ಕೈಯಲ್ಲಿ ಟೈಪ್ ಮಾಡುವವರಿಗೂ, ಕೈ ಆಡದೆ ಬಾಯಲ್ಲಿ ಕಡ್ಡಿ ಹಿಡಿದು ಒತ್ತುವವರಿಗೂ ಇವರ ಬೇರೆ ಬೇರೆ ಕೀಬೋರ್ಡುಗಳಿವೆ. ಇಂಥವನ್ನು ವಿಚಿತ್ರ ಅನ್ನೋದು ತಪ್ಪು ಅಂತಲೇ ನನಗನಿಸುತ್ತದೆ. ಅವನ್ನು ಬಳಸುವವರಿಗೆ ವಿಚಿತ್ರ ಅನಿಸೋದು ನಮ್ಮ ಕೀಬೋರ್ಡು.

ನೋಡೋಕೆ ಬೆರಗು ಹುಟ್ಟಿಸೋದು ಲೇಸರ್ ಕೀಬೋರ್ಡ್. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಪೆಟ್ಟಿಗೆ, ಮೇಜಿನ ಮೇಲೆ ಕೆಂಪು ಬೆಳಕಿನಲ್ಲಿ ಕೀಗಳನ್ನು ಬರೆಯುತ್ತದೆ. ಆದರೆ ಆ ಕೆಂಪು ಚಿತ್ರಕ್ಕೆ ನಿಮ್ಮ ಬೆರಳಿನ ಸುಳಿವೇ ಇರೋದಿಲ್ಲ. ನಿಜವಾದ ಕೆಲಸ ಮಾಡೋದು ಪೆಟ್ಟಿಗೆಯ ಬುಡದಿಂದ ಹೊರಡುವ ಅವಗೆಂಪು (ಇನ್‌ಫ್ರಾರೆಡ್) ಬೆಳಕು. ಅದು ಕಣ್ಣಿಗೆ ಕಾಣದ ತೆಳ್ಳನೆ ಹಾಳೆಯಾಗಿ, ಮೇಜಿಗೆ ಸ್ವಲ್ಪವೇ ಮೇಲೆ ಹರಡಿರುತ್ತದೆ. ಬೆರಳು ಆ ಹಾಳೆಯನ್ನು ಮುಟ್ಟಿದರೆ ಬೆಳಕು ಚೆದುರುತ್ತದೆ. ಪೆಟ್ಟಿಗೆಯ ಕ್ಯಾಮೆರಾ ಆ ಚುಕ್ಕೆ ಎಲ್ಲಿ ಬಿತ್ತು ಅಂತ ಅಳೆದು, ಕೀ ಯಾವುದು ಅಂತ ಲೆಕ್ಕ ಹಾಕುತ್ತದೆ. ತುಂಬ ಚೆಂದದ ಉಪಾಯ. ಬಳಸೋಕೆ ಮಾತ್ರ ಕಷ್ಟ. ಕೀ ಕೆಳಗಿಳಿದ ಅನುಭವ ಬೆರಳಿಗೆ ಸಿಗೋದಿಲ್ಲ, ಸುಮ್ನೆ ಬೆರಳು ಊರಿ ಕೂರೋಕೂ ಆಗೋದಿಲ್ಲ. ಊರಿದರೆ ಅದೂ ಒಂದು ಅಕ್ಷರ!

ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಸೆಳೆದದ್ದು ಐದೇ ಕೀಗಳ ಕೀಬೋರ್ಡ್. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಮೆರಿಕದ ಎಂಜಿನಿಯರ್ ಡಗ್ಲಸ್ ಎಂಗೆಲ್‌ಬಾರ್ಟ್ ಮೊದಲ ಸಲ ಜನರೆದುರು ಮೌಸ್ ತೋರಿಸಿದ್ದು ಎಲ್ಲರಿಗೂ ಗೊತ್ತು. ಬಲಗೈಯಲ್ಲಿ ಮೌಸ್ ಇತ್ತು. ಎಡಗೈಯಲ್ಲಿದ್ದದ್ದನ್ನು ಜನ ಮರೆತೇಬಿಟ್ಟರು. ಅಲ್ಲಿತ್ತು ಪಿಯಾನೋ ಪಟ್ಟಿಯಂಥ ಐದು ಕೀ. ಮೊದಲನೆಯದು ಒತ್ತಿದರೆ ಎ, ಎರಡನೆಯದು ಒತ್ತಿದರೆ ಬಿ, ಎರಡನ್ನೂ ಒಟ್ಟಿಗೆ ಒತ್ತಿದರೆ ಸಿ. ಐದು ಕೀಗಳಲ್ಲಿ ಯಾವುದನ್ನು ಒತ್ತಬೇಕು, ಯಾವುದನ್ನು ಬಿಡಬೇಕು ಅಂತ ಜೋಡಿಸುತ್ತ ಹೋದರೆ 31 ಬಗೆ ಸಿಗುತ್ತವೆ. 26 ಅಕ್ಷರ ಮುಗಿದು ಇನ್ನೂ ಐದು ಮಿಗುತ್ತವೆ. ದೊಡ್ಡಕ್ಷರ, ಅಂಕಿ ಬೇಕಾದರೆ ಬಲಗೈ ಮೌಸಿನ ಗುಂಡಿಯನ್ನೂ ಸೇರಿಸಿ ಒತ್ತೋದು. ಮೌಸ್ ಬಿಟ್ಟು ಕೀಬೋರ್ಡಿಗೆ, ಕೀಬೋರ್ಡ್ ಬಿಟ್ಟು ಮೌಸಿಗೆ ಅಂತ ಕೈ ಓಡಾಡಬೇಕಾಗಿಯೇ ಇಲ್ಲ. ಇಂಥದ್ದು ಮೂಲೆ ಸೇರಿದ್ದು ನಷ್ಟವೇ ಅಲ್ವಾ?

ಪೂರ್ತಿ ಮೂಲೆ ಸೇರಿಲ್ಲ ಅನ್ನಿ. ಅಮೆರಿಕದ ಕೋರ್ಟುಗಳಲ್ಲಿ ಕಲಾಪ ಬರೆದುಕೊಳ್ಳುವವರ ಸ್ಟೆನೋಟೈಪ್ ಯಂತ್ರವೂ ಇದೇ ದಾರಿಯದು. ಕೀಗಳು ಬರೀ 22. ಹಲವು ಬೆರಳು ಒಟ್ಟಿಗೆ ಒತ್ತಿದರೆ ಒಂದು ಅಕ್ಷರವಲ್ಲ, ಇಡೀ ಒಂದು ಉಚ್ಚಾರ, ಕೆಲವೊಮ್ಮೆ ಇಡೀ ಪದವೇ ಬೀಳುತ್ತದೆ. ಅಲ್ಲಿನ ವೃತ್ತಿ ಪರೀಕ್ಷೆಯಲ್ಲಿ ನಿಮಿಷಕ್ಕೆ 225 ಪದಗಳ ವೇಗ ಕೇಳುತ್ತಾರೆ. ಜನ ಸಾಮಾನ್ಯವಾಗಿ ಮಾತಾಡುವ ವೇಗಕ್ಕಿಂತಲೂ ಜಾಸ್ತಿ.

ಇದನ್ನು ಓದುವಾಗಲೆಲ್ಲ ನನ್ನ ಮನಸ್ಸು ಕನ್ನಡದ ಕಡೆ ಓಡುತ್ತದೆ. ನಮ್ಮದು ಉಚ್ಚಾರವನ್ನೇ ಒಂದು ಅಕ್ಷರವಾಗಿ ಬರೆಯುವ ಲಿಪಿ. ಆದರೆ ನುಡಿಯಲ್ಲಿ 'ಸ್ತ್ರೀ' ಅನ್ನುವ ಒಂದೇ ಅಕ್ಷರಕ್ಕೆ ಎಸ್, ಎಫ್, ಟಿ, ಎಫ್, ಆರ್, ಕೊನೆಗೆ ಶಿಫ್ಟ್ ಹಿಡಿದು ಐ. ಆರು ಒತ್ತು, ಒಂದರ ಹಿಂದೆ ಒಂದು. ವ್ಯಂಜನ ಎಡಗೈಗೆ, ಒತ್ತಕ್ಷರ ಮತ್ತು ಸ್ವರ ಬಲಗೈಗೆ ಅಂತ ಹಂಚಿ, ಎಲ್ಲ ಒಟ್ಟಿಗೆ ಒತ್ತಿದರೆ ಇಡೀ ಅಕ್ಷರ ಒಂದೇ ಏಟಿಗೆ ಬರಬಹುದು. ಒಂದು ತೊಂದರೆ ಇದೆ. ಸಾಲು-ಕಂಬಗಳ ಜಾಲದಲ್ಲಿ ಒಂದು ಚೌಕದ ಮೂರು ಮೂಲೆಯ ಕೀ ಒತ್ತಿದರೆ, ಕರೆಂಟು ಸುತ್ತಿಬಂದು ನಾಲ್ಕನೇ ಮೂಲೆಯನ್ನೂ ಒತ್ತಿದ ಹಾಗೆ ತೋರಿಸಿಬಿಡುತ್ತದೆ. ಪ್ರತಿ ಕೀಗೂ ಒಂದು ಡಯೋಡ್ ಹಾಕಿದರೆ ಕರೆಂಟು ಹಿಂದಕ್ಕೆ ಹರಿಯೋದು ನಿಲ್ಲುತ್ತದೆ, ಈ ಕಾಟವೂ ತಪ್ಪುತ್ತದೆ. ಹಲವು ಕೀ ಸೇರಿಸಿ ಒತ್ತೋದನ್ನು ಅರ್ಥಮಾಡಿಕೊಳ್ಳುವ ಕ್ಯೂಎಂಕೆ ಅನ್ನೋ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಒಂದು ಪುಟ್ಟ ಮೈಕ್ರೋಕಂಟ್ರೋಲರ್ (ಪ್ರೋಗ್ರಾಂ ತುಂಬಬಹುದಾದ ಚಿಪ್) ಬೋರ್ಡು, ಕೆಲವು ಸ್ವಿಚ್ಚು, ಅಷ್ಟೇ ಡಯೋಡು ಇದ್ದರೆ ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು ತಮ್ಮ ಪ್ರಾಜೆಕ್ಟಿಗೆ ಇದನ್ನೇ ಎತ್ತಿಕೊಳ್ಳಬಹುದು. ಯಾವ ಬೆರಳಿಗೆ ಯಾವ ವ್ಯಂಜನ ಕೊಡಬೇಕು ಅನ್ನೋದೇ ಅದರಲ್ಲಿ ಕಷ್ಟದ ಕೆಲಸ. ಕನ್ನಡದಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಅಂತ ಎಣಿಸೋದರಿಂದ ಶುರು ಮಾಡಬೇಕು.