ಗುರುತು ಹಿಡಿಯದೆ ಎಣಿಸಲು ಸಾಧ್ಯವೇ?

ಜಾಲತಾಣದ ಪುಟಗಳನ್ನು ಕಳುಹಿಸುವ ಕಂಪ್ಯೂಟರ್ ಆದ ಸರ್ವರ್‌ಗೆ ಓದುಗರು ಕಾಣುವುದಿಲ್ಲ. ಅದರ ಪಾಲಿಗೆ ಇರುವುದು ಬ್ರೌಸರ್‌ಗಳಿಂದ ಒಂದಾದ ಮೇಲೊಂದರಂತೆ ಬರುವ ಕೋರಿಕೆಗಳು ಮಾತ್ರ. ಈ ಕೋರಿಕೆಗಳು ಅನುಸರಿಸುವ ಎಚ್‌ಟಿಟಿಪಿ ನಿಯಮಾವಳಿಯಲ್ಲಿ ಪ್ರತಿಯೊಂದು ಕೋರಿಕೆಯೂ ಸ್ವತಂತ್ರವಾದುದರಿಂದ, ಹತ್ತು ಪುಟಗಳನ್ನು ಒಬ್ಬರೇ ತೆರೆದರೋ ಹತ್ತು ಮಂದಿ ಒಂದೊಂದು ಪುಟ ತೆರೆದರೋ ಎಂಬುದು ಅದರಿಂದಷ್ಟೇ ತಿಳಿಯದು. ಈ ಕೊರತೆಯನ್ನು ನೀಗಿಸಲು ನೆಟ್‌ಸ್ಕೇಪ್ ಕಂಪನಿಯ ಎಂಜಿನಿಯರ್ ಲೂ ಮಾಂಟುಲಿ 1994ರಲ್ಲಿ ಕುಕಿಯನ್ನು ರೂಪಿಸಿದರು. ಸರ್ವರ್ ಕೊಟ್ಟ ಅಕ್ಷರ, ಅಂಕಿಗಳ ಚಿಕ್ಕ ಸಾಲೊಂದನ್ನು ಬ್ರೌಸರ್ ಇಟ್ಟುಕೊಂಡು, ಅದೇ ತಾಣಕ್ಕೆ ಹೋದಾಗಲೆಲ್ಲ ಹಿಂದಿರುಗಿಸುತ್ತದೆ. ಆನ್‌ಲೈನ್ ಅಂಗಡಿಯಲ್ಲಿ ಆರಿಸಿಟ್ಟ ವಸ್ತುಗಳು ಪುಟ ಬದಲಾದರೂ ಉಳಿಯುವುದು ಇದರಿಂದಲೇ.

ತೊಡಕು ಹುಟ್ಟಿದ್ದು ಥರ್ಡ್ ಪಾರ್ಟಿ ಕುಕಿಗಳಿಂದ. ಪುಟದಲ್ಲಿನ ಜಾಹೀರಾತು ಬೇರೊಂದು ಸರ್ವರ್‌ನಿಂದ ಬರುವಾಗ ಆ ಸರ್ವರ್ ಕೂಡ ತನ್ನದೊಂದು ಕುಕಿಯನ್ನು ಇರಿಸಬಲ್ಲದು. ಅದೇ ಜಾಹೀರಾತು ಸಂಸ್ಥೆ ಸಾವಿರಾರು ತಾಣಗಳಲ್ಲಿದ್ದರೆ, ಒಂದೆಡೆ ಮಧುಮೇಹದ ಬಗ್ಗೆ ಓದಿದವರೂ ಇನ್ನೊಂದೆಡೆ ಸಾಲಕ್ಕಾಗಿ ಹುಡುಕಿದವರೂ ಒಬ್ಬರೇ ಎಂಬುದು ಅದಕ್ಕೆ ಗೊತ್ತಾಗಿಬಿಡುತ್ತದೆ. ಇಂಥ ಕುಕಿಗಳಿಗೆ ಬ್ರೌಸರ್‌ಗಳು ತಾವಾಗಿಯೇ ಅವಕಾಶ ಕೊಡಬಾರದೆಂದು 1997ರ ತಾಂತ್ರಿಕ ಮಾನದಂಡವೇ ಹೇಳಿತ್ತು. ಅಂದಿನ ಪ್ರಮುಖ ಬ್ರೌಸರ್‌ಗಳು ಅದನ್ನು ಪಾಲಿಸಲಿಲ್ಲ. ಆಪಲ್ ಕಂಪನಿಯ ಬ್ರೌಸರ್ ಸಫಾರಿ ಅವನ್ನು ಪೂರ್ತಿಯಾಗಿ ತಡೆದದ್ದು 2020ರಲ್ಲಿ. ಅದೇ ವರ್ಷ ಎರಡು ವರ್ಷಗಳ ಗಡುವು ಹಾಕಿಕೊಂಡ ಗೂಗಲ್, ತನ್ನ ಬ್ರೌಸರ್ ಕ್ರೋಮ್‌ನಿಂದ ಅವನ್ನು ತೆಗೆಯುವ ಯೋಜನೆಯನ್ನು ಮುಂದೂಡುತ್ತ ಬಂದು 2024ರಲ್ಲಿ ಕೈಬಿಟ್ಟಿತು.

ಕುಕಿ ಇಲ್ಲ ಎಂದಮಾತ್ರಕ್ಕೆ ನೆಮ್ಮದಿಯೂ ಇಲ್ಲ. ಪರದೆಯ ಅಳತೆ, ಫಾಂಟ್‌ಗಳು, ಸಮಯ ವಲಯ ಮುಂತಾದ ವಿವರಗಳನ್ನು ಕೂಡಿಸಿದರೆ ಬ್ರೌಸರ್‌ನ ಬೆರಳಚ್ಚೇ ಸಿಗುತ್ತದೆ. ಡಿಜಿಟಲ್ ಹಕ್ಕುಗಳ ಪರ ದುಡಿಯುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ನಿನ ಪೀಟರ್ ಎಕರ್ಸ್‌ಲಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಮಾದರಿಯಲ್ಲಿ ಶೇಕಡ 83.6ರಷ್ಟು ಬ್ರೌಸರ್‌ಗಳ ಬೆರಳಚ್ಚು ಬೇರಾವುದಕ್ಕೂ ಹೊಂದುತ್ತಿರಲಿಲ್ಲ. ಕುಕಿಯನ್ನು ನಾವು ಅಳಿಸಬಹುದು. ಇದನ್ನು ಅಳಿಸುವ ಗುಂಡಿಯೇ ಇಲ್ಲ. ಆದ್ದರಿಂದ ಇದು ಕುಕಿಗಿಂತ ಕೆಟ್ಟದ್ದೆಂದೇ ನನ್ನ ಎಣಿಕೆ.

ಹಾಗಿದ್ದರೆ ಯಾವ ಲೇಖನವನ್ನು ಎಷ್ಟು ಮಂದಿ ಓದಿದರು ಎಂದಷ್ಟೇ ತಿಳಿಯಬೇಕಾದ ಕನ್ನಡದ ಸಣ್ಣ ಜಾಲಪತ್ರಿಕೆಯೊಂದು ಏನು ಮಾಡಬೇಕು? ಅದಕ್ಕೊಂದು ಜಾಣ ಉಪಾಯವಿದೆ. ಓದುಗರ ಐಪಿ ವಿಳಾಸ (ಅಂತರ್ಜಾಲದಲ್ಲಿ ಅವರ ಸಂಪರ್ಕವನ್ನು ಗುರುತಿಸುವ ಸಂಖ್ಯೆ), ಬ್ರೌಸರ್‌ನ ಹೆಸರು ಮತ್ತು ತಾಣದ ಹೆಸರನ್ನು ಸೇರಿಸಿ ಹ್ಯಾಶ್ ಎಂಬ ಗಣಿತಕ್ರಿಯೆಗೆ ಒಳಪಡಿಸಿದರೆ ಒಂದು ಸಂಕೇತ ದೊರೆಯುತ್ತದೆ. ಅದೇ ಸಂಕೇತ ಮತ್ತೆ ಬಂದರೆ ಅದೇ ಓದುಗರೆಂದು ಎಣಿಸಿ, ಮೂಲ ವಿವರಗಳನ್ನು ಉಳಿಸದೆ ಬಿಡಲಾಗುತ್ತದೆ. ಹ್ಯಾಶ್ ಮಾಡಿದ್ದನ್ನು ಹಿಂದಕ್ಕೆ ಬಿಡಿಸಲಾಗದೆಂಬುದು ನಿಜವಾದರೂ ಇಲ್ಲಿ ಅದೊಂದೇ ಸಾಲದು. ಐಪಿಯ ನಾಲ್ಕನೇ ಆವೃತ್ತಿಯಲ್ಲಿ ಇರಬಹುದಾದ ವಿಳಾಸಗಳು ಸುಮಾರು 430 ಕೋಟಿ ಮಾತ್ರ. ಅಷ್ಟನ್ನೂ ಒಂದೊಂದಾಗಿ ಹ್ಯಾಶ್ ಮಾಡಿ ಹೋಲಿಸಿ ನೋಡುವುದು ಇಂದಿನ ಕಂಪ್ಯೂಟರ್‌ಗೆ ಕಷ್ಟವಲ್ಲ. ಅದಕ್ಕಾಗಿಯೇ ಸಾಲ್ಟ್ ಎಂಬ ಗುಟ್ಟಿನ ಯಾದೃಚ್ಛಿಕ ಸಂಖ್ಯೆಯೊಂದನ್ನು ಸೇರಿಸಿ, ದಿನಕ್ಕೊಮ್ಮೆ ಅದನ್ನು ಬದಲಿಸಿ, ಹಳೆಯದನ್ನು ಶಾಶ್ವತವಾಗಿ ಅಳಿಸುತ್ತಾರೆ. ಅದು ಅಳಿದ ಮೇಲೆ ನಿನ್ನೆಯ ಸಂಕೇತವನ್ನು ಇಂದಿನದರೊಡನೆ ಜೋಡಿಸುವುದು ತಾಣದ ಒಡೆಯರಿಗೂ ಅಸಾಧ್ಯ.

ಇದರ ಲೆಕ್ಕ ಕರಾರುವಾಕ್ಕಲ್ಲ. ನಾಳೆ ಮರಳಿ ಬಂದವರು ಹೊಸಬರಾಗಿ ಎಣಿಕೆಯಾಗುತ್ತಾರೆ. ಮನೆಯ ವೈಫೈಯಿಂದ ಮೊಬೈಲ್ ಡೇಟಾಕ್ಕೆ ಬದಲಾದವರು ಇಬ್ಬರಾಗುತ್ತಾರೆ. ಒಂದೇ ಐಪಿ ವಿಳಾಸವನ್ನು ಹಂಚಿಕೊಂಡ ಹಾಸ್ಟೆಲ್ಲಿನಲ್ಲಿ ಒಂದೇ ಬಗೆಯ ಫೋನ್ ಹಿಡಿದ ಹಲವರು ಒಬ್ಬರಾಗಿಬಿಡಬಹುದು. ಆದರೂ ಯಾವ ಲೇಖನ ಹೆಚ್ಚು ಓದಿಸಿಕೊಂಡಿತು, ಓದುಗರು ಹೆಚ್ಚುತ್ತಿದ್ದಾರೆಯೇ ಎಂಬ ಪ್ರಶ್ನೆಗಳಿಗೆ ಇಷ್ಟು ಸಾಕು, ಮತ್ತು ಓದುಗರ ಖಾಸಗಿತನಕ್ಕಾಗಿ ಈ ತಪ್ಪುಗಳನ್ನು ಸಹಿಸಿಕೊಳ್ಳುವುದು ಪತ್ರಿಕೆಯ ಕರ್ತವ್ಯವೆಂದು ನಾನು ನಂಬುತ್ತೇನೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಈ ಏರ್ಪಾಟಿಗೆ ಸಂಬಂಧವಿಲ್ಲದೆ ಸರ್ವರ್ ಬಂದ ಕೋರಿಕೆಗಳನ್ನು ದಾಖಲಿಸುವ ತನ್ನ ಲಾಗ್ ಕಡತದಲ್ಲಿ ಪೂರ್ಣ ಐಪಿ ವಿಳಾಸಗಳನ್ನು ಬರೆದಿಡುತ್ತಿರಬಹುದು. ಅಲ್ಲಿಯೂ ವಿಳಾಸದ ಕೊನೆಯ ಭಾಗವನ್ನು ಸೊನ್ನೆ ಮಾಡಿ, ಹಳೆಯ ಲಾಗ್‌ಗಳು ಕೆಲವು ದಿನಗಳಲ್ಲಿ ಅಳಿಯುವಂತೆ ಸರ್ವರ್‌ನಲ್ಲಿಯೇ ಹೊಂದಿಸಿಡಬೇಕು.