ನಾನು ಕಲ್ಪಿಸಿದ ಹಕ್ಕಿಯನ್ನು ಎಲ್ಲರಿಗೂ ಬಿಟ್ಟುಕೊಡುವುದು ಹೇಗೆ?

ಪ್ರಶ್ನೆ: ನಮ್ಮ ಕಾಸರಗೋಡಿನಲ್ಲಿ ನೀರಿಗಾಗಿ ಗುಡ್ಡ ಕೊರೆದು ಮಾಡಿದ ಸುರಂಗಗಳಲ್ಲಿ ಬದುಕುವ ಒಂದು ಹಕ್ಕಿಯನ್ನು ಕಲ್ಪಿಸಿ ಬರೆದಿದ್ದೇನೆ. ಕತೆಗೋ ಚಿತ್ರಕ್ಕೋ ಆಟಕ್ಕೋ ಯಾರು ಬೇಕಾದರೂ ಬಳಸಲಿ ಅಂತ ಆಸೆ. ಹಾಗಂತ ಕೆಳಗೆ ಒಂದು ಸಾಲು ಬರೆದರೆ ಸಾಕಲ್ವಾ?

ಸಾಕಾಗುವುದಿಲ್ಲ. ಆ ಒಂದು ಸಾಲು ಓದಿದವರಿಗೆ ಬೇರೆ ಪ್ರಶ್ನೆಗಳು ಹುಟ್ಟುತ್ತವೆ. ಪುಸ್ತಕ ಮಾಡಿ ಮಾರಬಹುದಾ? ಹಕ್ಕಿಯ ಬಣ್ಣ ಬದಲಾಯಿಸಬಹುದಾ? ನಿಮ್ಮ ಹೆಸರು ಹಾಕಲೇಬೇಕಾ? ನಾಳೆ ನೀವು ಬೇಡ ಅಂದರೆ?

ಸುರಂಗದಲ್ಲಿ ಒಂದು ಹಕ್ಕಿ ಇರುತ್ತದೆ ಎಂಬ ಬರೀ ಯೋಚನೆ ಯಾರ ಸ್ವತ್ತೂ ಅಲ್ಲ. ಯೋಚನೆಗೆ ಕಾಪಿರೈಟ್ ಇಲ್ಲ ಅಂತ ಸುಪ್ರೀಂ ಕೋರ್ಟ್ 1978ರಲ್ಲೇ ಆರ್.ಜಿ. ಆನಂದ್ ಪ್ರಕರಣದಲ್ಲಿ ಹೇಳಿದೆ. ಆದರೆ ನೀವು ಬರೆದ ವಿವರಣೆ, ಬಿಡಿಸಿದ ಚಿತ್ರ, ಅವು ಹುಟ್ಟಿದ ಗಳಿಗೆಯಿಂದಲೇ ನಿಮ್ಮವು. ನೋಂದಣಿಯೇನೂ ಬೇಕಿಲ್ಲ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಈ ಹಕ್ಕು ನಿಮ್ಮ ಜೀವಮಾನ ಪೂರ್ತಿ ಇರುತ್ತದೆ, ಆಮೇಲೂ 60 ವರ್ಷ ಇರುತ್ತದೆ. ನಿಮ್ಮ ಮೊಮ್ಮಕ್ಕಳು ಏನನ್ನುತ್ತಾರೋ ಅಂತ ಪ್ರಕಾಶಕರು ಹಿಂಜರಿದರೆ ಅದು ಅವರ ತಪ್ಪಲ್ಲ.

ಹಾಗಾಗಿ ಎಲ್ಲರಿಗೂ ಗೊತ್ತಿರುವ ಲೈಸೆನ್ಸ್, ಅಂದರೆ ಬಳಕೆಯ ಅನುಮತಿ ಪತ್ರ, ಹಾಕಿ. ಇಂಥ ಅನುಮತಿಗಳನ್ನು ಸಿದ್ಧಪಡಿಸಿ ಕೊಡುವ ಕ್ರಿಯೇಟಿವ್ ಕಾಮನ್ಸ್ (ಸಿಸಿ) ಸಂಸ್ಥೆಯವರ ಸಿಸಿ ಝೀರೋ ಇದೆ. ಅದನ್ನು ಹಾಕಿದರೆ ಯಾರು ಬೇಕಾದರೂ ಮಾರಬಹುದು, ಬದಲಾಯಿಸಬಹುದು, ಹೆಸರು ಹಾಕದೆಯೂ ಇರಬಹುದು. ಹೆಸರು ಬೇಕೆಂದರೆ ಸಿಸಿ ಬೈ. ನನ್ನ ಮಟ್ಟಿಗೆ, ಹಕ್ಕಿಗೆ ಝೀರೋನೇ ಸರಿ. ಶಾಲೆಯ ಗೋಡೆ ಪತ್ರಿಕೆಗೆ ಕತೆ ಬರೆಯುವ ಮಗು ಯಾರ ಹೆಸರನ್ನೂ ಹುಡುಕಬೇಕಾಗಬಾರದು. ನಮ್ಮ ಕಾಯ್ದೆಯ 21ನೇ ಸೆಕ್ಷನ್‌ನಲ್ಲೂ ಸಾರ್ವಜನಿಕ ಪ್ರಕಟಣೆ ಕೊಟ್ಟು ಹಕ್ಕು ಬಿಟ್ಟುಕೊಡುವ ದಾರಿ ಇದೆ. ಒಂದು ಮಾತು: ಸಿಸಿ ಹಾಕಿ ಕೊಟ್ಟದ್ದನ್ನು ವಾಪಸ್ ತಗೊಳ್ಳಲು ಆಗುವುದಿಲ್ಲ. ಚಿತ್ರ ಗೆಳೆಯರು ಬಿಡಿಸಿದ್ದಾದರೆ ಅದನ್ನು ಬಿಟ್ಟುಕೊಡಬೇಕಾದವರು ಅವರು, ನೀವಲ್ಲ.

ಇಷ್ಟಾದ ಮೇಲೂ ಹಕ್ಕಿಯನ್ನು ಯಾರೂ ಮುಟ್ಟದೆ ಇರಬಹುದು. ಯಾಕೆಂದರೆ "ಸುಂದರವಾದ ನೀಲಿ ಹಕ್ಕಿ, ಇಂಪಾಗಿ ಹಾಡುತ್ತದೆ" ಅಂತ ಬರೆದರೆ ಕತೆ ಬರೆಯುವವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ನಿಮ್ಮ ಕೈಯಲ್ಲಿ ಸುರಂಗದಂಥ ಜಾಗ ಇದೆ! ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ, ಒಬ್ಬ ಮನುಷ್ಯ ನುಗ್ಗುವಷ್ಟೇ ಅಗಲ, ನೀರು ಜಿನುಗುವವರೆಗೂ ಪಿಕ್ಕಾಸಿನಲ್ಲಿ ಅಗೆಯುತ್ತಾ ಹೋದದ್ದು, ಒಳಗೆ ಕಗ್ಗತ್ತಲು, ಅಲ್ಲಲ್ಲಿ ಬಾವಲಿಗಳು. ಅಲ್ಲಿ ನಿಮ್ಮ ಹಕ್ಕಿ ದಾರಿ ಹುಡುಕುವುದು ಹೇಗೆ? ಇದಕ್ಕೆ ನಿಜವಾದ ಹಕ್ಕಿಯೇ ಉತ್ತರ ಕೊಡುತ್ತದೆ. ಪಶ್ಚಿಮ ಕರಾವಳಿಯಲ್ಲಿ ವೆಂಗುರ್ಲಾ ಹತ್ತಿರದ ದ್ವೀಪದ ಗುಹೆಗಳಲ್ಲಿ ಗೂಡು ಕಟ್ಟುವ ಸ್ವಿಫ್ಟ್‌ಲೆಟ್ ಎಂಬ ಪುಟ್ಟ ಹಕ್ಕಿಗಳು ಕತ್ತಲಲ್ಲಿ ಟಕಟಕ ಸದ್ದು ಮಾಡುತ್ತಾ, ಅದರ ಮಾರ್ದನಿ ಕೇಳಿ ಹಾರುತ್ತವೆ. ಗೂಡನ್ನು ಜೊಲ್ಲಿನಿಂದ ಗೋಡೆಗೆ ಅಂಟಿಸುತ್ತವೆ. ನಿಮ್ಮ ಹಕ್ಕಿಗೂ ಅಂಥ ಸದ್ದು ಕೊಡಿ. ಮುಸ್ಸಂಜೆ ಅಡಿಕೆ ತೋಟದಲ್ಲಿ ಹುಳ ಹಿಡಿಯಲಿ. ಆಟಿ ಎಂಬ ತುಳು ಮಳೆಗಾಲದ ತಿಂಗಳ ಮಳೆಗೆ ಸುರಂಗದಲ್ಲಿ ನೀರು ಜಾಸ್ತಿಯಾದಾಗ ಮರಿಗಳ ಗತಿಯೇನು ಅಂತ ಯೋಚಿಸಿ. ಈ ಒಂದು ಪ್ರಶ್ನೆಯಲ್ಲೇ ಬೇಕಾದಷ್ಟು ಕತೆ ಇದೆ.

ಆದರೆ ಎಲ್ಲವನ್ನೂ ನೀವೇ ಹೇಳಿ ಮುಗಿಸಬೇಡಿ. ದೇಹ, ಊಟ, ಗೂಡು, ಸದ್ದು ಗಟ್ಟಿಯಾಗಿರಲಿ. ಅದು ಕೂಗಿದರೆ ಶುಭವೋ ಅಶುಭವೋ, ಅಜ್ಜಿಯಂದಿರು ಅದರ ಬಗ್ಗೆ ಏನು ಹೇಳುತ್ತಿದ್ದರು, ಇದನ್ನೆಲ್ಲ ಖಾಲಿ ಬಿಡಿ. ತುಳುವಿನಲ್ಲಿ ಬರೆಯುವವರು ಒಂದು ಹೇಳಲಿ, ಮಲಯಾಳದವರು ಇನ್ನೊಂದು ಹೇಳಲಿ.

ಕೊನೆಯದಾಗಿ, ಇದು ಕಲ್ಪನೆ ಅಂತ ಸ್ಪಷ್ಟವಾಗಿ ಹೇಳಲೇಬೇಕು. ಹಕ್ಕಿಚಿತ್ರಗಳಿಗೆ ಹೆಸರಾದ ಆಡುಬಾನ್ 1818ರಲ್ಲಿ ರಾಫಿನೆಸ್ಕ್ ಎಂಬ ವಿಜ್ಞಾನಿಗೆ ಇಲ್ಲದ ಮೀನುಗಳನ್ನು ವರ್ಣಿಸಿ ಹೇಳಿದ. ಒಂದರ ಹುರುಪೆ ಗುಂಡಿಗೂ ಜಗ್ಗುವುದಿಲ್ಲ ಅಂದ. ರಾಫಿನೆಸ್ಕ್ ನಂಬಿ, ಅವನ್ನೂ ನಿಜವಾದ ಮೀನುಗಳ ಜೊತೆ ಅಚ್ಚು ಹಾಕಿಸಿದ. ನೀವು ಲ್ಯಾಟಿನ್ ಶೈಲಿಯ ಹೆಸರು ಇಟ್ಟರೆ ತೊಂದರೆಯಿಲ್ಲ. ಪ್ರಾಣಿಗಳ ಹೆಸರಿನ ಅಂತರರಾಷ್ಟ್ರೀಯ ನಿಯಮಗಳು ಕಲ್ಪನೆಯ ಜೀವಿಗಳ ಹೆಸರನ್ನು ಲೆಕ್ಕಕ್ಕೆ ತಗೊಳ್ಳುವುದೇ ಇಲ್ಲ. ಈಗಾಗಲೇ ಬಳಕೆಯಲ್ಲಿರುವ ಹೆಸರು ಮಾತ್ರ ಬೇಡ. "ಕಲ್ಪನೆಯ ಹಕ್ಕಿ, ಸಿಸಿ ಝೀರೋ" ಎಂಬುದನ್ನು ಬರಹದ ಮೊದಲ ಸಾಲಿನಲ್ಲಿ ಹಾಕಿ, ಪ್ರತಿ ಚಿತ್ರದ ಮೂಲೆಯಲ್ಲೂ ಹಾಕಿ. ವಾಟ್ಸ್ಆ್ಯಪ್‌ನಲ್ಲಿ ಚಿತ್ರ ಓಡುವಾಗ ಬರಹ ಅದರ ಹಿಂದೆ ಬರುವುದಿಲ್ಲ.